ಒಂದೇ ಪಲ್ಸ್, ಎರಡು ಕಾರ್ಡ್, ಎರಡು ಉತ್ತರ

"ಸರ್, ಈ ಎರಡರಲ್ಲಿ ಯಾವ ಕಾರ್ಡ್ ಕೆಟ್ಟಿದೆ?"

ನಮ್ಮ ಟೆಸ್ಟ್ ಬೆಂಚಿಗೆ ಹೊಸದಾಗಿ ಸೇರಿದ ಹುಡುಗಿ ಕೇಳಿದ ಪ್ರಶ್ನೆ ಇದು. ಬೇಕಾದ ವೇಗದಲ್ಲಿ ಪಲ್ಸ್ ಕೊಡುವ ಒಂದು ಫಂಕ್ಷನ್ ಜನರೇಟರ್‌ನಿಂದ ವೈರು ಎಳೆದು, ಅದನ್ನೇ ಕವಲೊಡೆಸಿ ಎರಡು ಡ್ಯಾಕ್ (ಡಿಎಕ್ಯು) ಕಾರ್ಡ್‌ಗಳಿಗೆ, ಅಂದರೆ ಹೊರಗಿನ ಸಿಗ್ನಲ್ ಅಳೆದು ಪಿಸಿಗೆ ಕೊಡುವ ಕಾರ್ಡ್‌ಗಳಿಗೆ, ಕೊಟ್ಟಿದ್ದಳು. ಜನರೇಟರ್‌ನಲ್ಲಿ 100 ಹರ್ಟ್ಜ್ ಇಟ್ಟಿದ್ದಳು. ಅಂದರೆ ಒಂದು ಪಲ್ಸ್ ಮೇಲೇರುವ ಎಡ್ಜ್‌ನಿಂದ ಮುಂದಿನ ಪಲ್ಸ್ ಮೇಲೇರುವ ಎಡ್ಜ್‌ವರೆಗೆ 10 ಮಿಲಿಸೆಕೆಂಡ್ ಬರಬೇಕು. ಈ ಅವಧಿಗೇ ಪೀರಿಯಡ್ ಅನ್ನುವುದು. ಹಳೆಯ ಕಾರ್ಡ್ 9.99965 ಅಂತು. ಹೊಸದು 10.0002125 ಅಂತು. ಎರಡರ ನಡುವೆ ಅರ್ಧ ಮೈಕ್ರೊಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ. ಒಂದು ಸಲ ಬಂದು ಹೋದದ್ದಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಎಷ್ಟು ಸಲ ಅಳೆದರೂ ಹಳೆಯದು ಕಡಿಮೆ ಕಡೆಗೇ, ಹೊಸದು ಜಾಸ್ತಿ ಕಡೆಗೇ.

"ಎರಡೂ ಕೆಟ್ಟಿಲ್ಲಮ್ಮ" ಅಂದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ಆಗಬಾರದು ಕೂಡ. ಒಂದೇ ವೈರಿನಲ್ಲಿ ಎರಡು ಉತ್ತರ ಬಂದಾಗ ಯಾಕೆ ಅಂತ ಕೇಳದವರು ಈ ಕೆಲಸಕ್ಕೆ ಬರಬಾರದು ಅಂತ ನನ್ನ ಅಭಿಪ್ರಾಯ. ಅವಳಿಗೆ ಎರಡು ದಿನ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನ ಲ್ಯಾಬಿನಲ್ಲಿ, ಮೋಟರ್ ಟೆಸ್ಟಿಂಗಿನಲ್ಲಿ, ಫ್ಲೋ ಮೀಟರ್ ಕೆಲಸದಲ್ಲಿ ಇದೇ ಗೊಂದಲ ತುಂಬಾ ಜನರಿಗೆ ಆಗುವುದನ್ನು ನೋಡಿದ್ದೇನೆ.

ಮೊದಲು ಕಾರ್ಡ್ ಏನು ಮಾಡುತ್ತದೆ ಅಂತ ನೋಡೋಣ. ಕಾರ್ಡಿಗೆ ಸಮಯ ಅಂದರೆ ಏನು ಅಂತ ಗೊತ್ತೇ ಇಲ್ಲ. ಅದಕ್ಕೆ ಎಣಿಸುವುದು ಮಾತ್ರ ಗೊತ್ತು. ಅದರ ಮೇಲೆ ಒಂದು ಸಣ್ಣ ಕ್ರಿಸ್ಟಲ್ ಆಸಿಲೇಟರ್ ಕೂತಿರುತ್ತದೆ, ಅದು ಒಂದೇ ಸಮನೆ ಟಿಕ್ ಟಿಕ್ ಅನ್ನುತ್ತಿರುತ್ತದೆ. ಕಾರ್ಡಿನ ಕ್ಲಾಕ್ ಅನ್ನುವುದು ಇದನ್ನೇ. ನಿಮ್ಮ ಪಲ್ಸಿನ ಒಂದು ಎಡ್ಜ್ ಬಂದಾಗ ಕೌಂಟರ್ ಎಣಿಕೆ ಶುರು ಮಾಡುತ್ತದೆ, ಮುಂದಿನ ಎಡ್ಜ್ ಬಂದಾಗ ಎಷ್ಟಾಯಿತು ಅಂತ ಬರೆದಿಡುತ್ತದೆ. ಅಷ್ಟೇ. ಆ ಎಣಿಕೆಯನ್ನು ಡ್ರೈವರ್ ಸಾಫ್ಟ್‌ವೇರ್ ಒಂದು ಟಿಕ್ಕಿನ ಅವಧಿಯಿಂದ ಗುಣಿಸಿ ನಿಮಗೆ ಸೆಕೆಂಡಿನಲ್ಲಿ ಕೊಡುತ್ತದೆ. 20 ಮೆಗಾಹರ್ಟ್ಜ್ ಕಾರ್ಡಾದರೆ ಸೆಕೆಂಡಿಗೆ 2 ಕೋಟಿ ಟಿಕ್, ಅಂದರೆ ಒಂದು ಟಿಕ್ 50 ನ್ಯಾನೊಸೆಕೆಂಡ್. 80 ಮೆಗಾಹರ್ಟ್ಜ್ ಆದರೆ 12.5. 100 ಮೆಗಾಹರ್ಟ್ಜ್ ಆದರೆ 10.

ನಮ್ಮ ಹಳೆಯ ಕಾರ್ಡ್ 20 ಮೆಗಾಹರ್ಟ್ಜ್‌ನದು. ಅದು ಎಣಿಸಿದ್ದು 1,99,993 ಟಿಕ್. ಹೊಸದು 80 ಮೆಗಾಹರ್ಟ್ಜ್‌ನದು, ಅದು ಎಣಿಸಿದ್ದು 8,00,017. ಸ್ಕ್ರೀನಿನ ಮೇಲೆ ಕಂಡ ಆ ಎರಡು ಸಂಖ್ಯೆಗಳು ಹುಟ್ಟಿದ್ದು ಇಲ್ಲಿಂದ. ನನ್ನ ಮಾತು ಕೇಳುವುದಾದರೆ, ಪೀರಿಯಡ್ ಬಗ್ಗೆ ಏನಾದರೂ ಅನುಮಾನ ಬಂದಾಗ ಸೆಕೆಂಡ್ ಬಿಟ್ಟು ಎಣಿಕೆಯನ್ನೇ ತೆಗೆದು ನೋಡಿ. ಎಷ್ಟೋ ಸಲ ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಈಗ ತಪ್ಪು ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಎರಡು ಕಡೆಯಿಂದ. ಈ ಎರಡನ್ನು ಜನ ಬೆರೆಸಿಬಿಡುತ್ತಾರೆ, ಎಲ್ಲ ಗೊಂದಲದ ಮೂಲ ಅದೇ.

ದರ್ಜಿಯ ಟೇಪನ್ನು ನೆನೆಸಿಕೊಳ್ಳಿ. ಟೇಪಿನ ಮೇಲೆ ಗೆರೆಗಳು ಎಷ್ಟು ಒತ್ತೊತ್ತಾಗಿವೆ ಅನ್ನುವುದು ಒಂದು ವಿಷಯ. ಬರೀ ಸೆಂಟಿಮೀಟರ್ ಗೆರೆ ಇದ್ದರೆ ಬಟ್ಟೆಯ ತುದಿ ಎರಡು ಗೆರೆಗಳ ನಡುವೆ ಬಿದ್ದಾಗ ಈ ಕಡೆಯದೋ ಆ ಕಡೆಯದೋ ಒಂದನ್ನು ಆರಿಸಬೇಕು. ಮಿಲಿಮೀಟರ್ ಗೆರೆ ಇದ್ದರೆ ಆ ಅನುಮಾನ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಅದೇ ಟೇಪು ವರ್ಷಗಟ್ಟಲೆ ಎಳೆದೆಳೆದು ಜಗ್ಗಿದ್ದರೆ? ಗೆರೆಗಳು ಎಷ್ಟೇ ಒತ್ತಾಗಿರಲಿ, ಅಳತೆ ಕಡಿಮೆಯೇ ಬರುತ್ತದೆ. ಪ್ರತಿ ಸಲವೂ ಕಡಿಮೆ. ಬಟ್ಟೆ ಉದ್ದವಾದಷ್ಟೂ ತಪ್ಪೂ ಉದ್ದವಾಗುತ್ತದೆ.

ಕಾರ್ಡಿನ ಮೆಗಾಹರ್ಟ್ಜ್ ಅಂದರೆ ಗೆರೆಗಳ ಒತ್ತು. ಡೇಟಾಶೀಟಿನಲ್ಲಿ ಎಲ್ಲೋ ಕೆಳಗೆ ಸಣ್ಣದಾಗಿ ಬರೆದಿರುವ ಪಿಪಿಎಂ ಅಂದರೆ ಟೇಪು ಎಷ್ಟು ಜಗ್ಗಿರಬಹುದು ಅನ್ನುವ ಮಿತಿ. ಒಂದು ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು. ಕಾರ್ಡ್ ಮಾರುವವರು ಮೊದಲನೆಯದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ನಾವೂ ಅದನ್ನೇ ನೋಡಿ ಕೊಳ್ಳುತ್ತೇವೆ.

ಇಂಥ ಕಾರ್ಡ್ ಮಾಡುವ ಎನ್‌ಐ (ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್) ಕಂಪನಿಯ ಹಳೆಯ ಇ ಸೀರೀಸ್ ಕಾರ್ಡ್‌ಗಳಲ್ಲಿ 24 ಬಿಟ್ ಕೌಂಟರ್, 20 ಮೆಗಾಹರ್ಟ್ಜ್ ಕ್ಲಾಕ್, ಅದರ ನಿಖರತೆ 0.01 ಪರ್ಸೆಂಟ್, ಅಂದರೆ 100 ಪಿಪಿಎಂ. ಆಮೇಲೆ ಬಂದ ಎಂ ಸೀರೀಸ್‌ನಲ್ಲಿ 32 ಬಿಟ್, 80 ಮೆಗಾಹರ್ಟ್ಜ್, 50 ಪಿಪಿಎಂ. ಎಕ್ಸ್ ಸೀರೀಸ್‌ನಲ್ಲಿ 100 ಮೆಗಾಹರ್ಟ್ಜ್, ಪಿಪಿಎಂ ಮಾತ್ರ ಅದೇ 50. ಇದನ್ನು ಗಮನಿಸಿ: 20ರಿಂದ 100ಕ್ಕೆ ಹೋದಾಗ ಗೆರೆಗಳು ಐದು ಪಟ್ಟು ಒತ್ತಾದವು, ಟೇಪು ಮಾತ್ರ ಎರಡು ಪಟ್ಟು ಒಳ್ಳೆಯದಾಯಿತು. ಇನ್ನೂ ಚೆನ್ನಾಗಿ ಅರ್ಥವಾಗಬೇಕಾದರೆ ಅದೇ ಕಂಪನಿಯ 6602 ಮತ್ತು 6608 ಅನ್ನುವ ಟೈಮಿಂಗ್ ಕಾರ್ಡ್‌ಗಳನ್ನು ಪಕ್ಕಪಕ್ಕ ಇಡಿ. ಎರಡರಲ್ಲೂ ಎಂಟು ಕೌಂಟರ್, ಎರಡೂ 32 ಬಿಟ್, ಎರಡೂ 80 ಮೆಗಾಹರ್ಟ್ಜ್. ಆದರೆ 6602ರ ಕ್ಲಾಕ್ 50 ಪಿಪಿಎಂ. 6608ರಲ್ಲಿ ಕ್ರಿಸ್ಟಲನ್ನು ಒಂದು ಪುಟ್ಟ ಒಲೆಯಂಥ ಡಬ್ಬಿಯೊಳಗೆ ಒಂದೇ ಬಿಸಿಯಲ್ಲಿ ಇಟ್ಟಿರುತ್ತಾರೆ, ಹಾಗಾಗಿ ಅದರದ್ದು 75 ಪಿಪಿಬಿ, ಅಂದರೆ ನೂರು ಕೋಟಿಯಲ್ಲಿ 75. ಒಂದು ಸೆಕೆಂಡಿನ ಪೀರಿಯಡ್ ಅಳೆದರೆ ಮೊದಲನೆಯದು 50 ಮೈಕ್ರೊಸೆಕೆಂಡ್ ತಪ್ಪಬಹುದು, ಎರಡನೆಯದು 75 ನ್ಯಾನೊಸೆಕೆಂಡ್. ಆರುನೂರು ಪಟ್ಟಿಗೂ ಜಾಸ್ತಿ ವ್ಯತ್ಯಾಸ, ಮೆಗಾಹರ್ಟ್ಜ್ ಒಂದೇ!

ಹಾಗಾದರೆ ಮೆಗಾಹರ್ಟ್ಜ್ ಲೆಕ್ಕಕ್ಕೇ ಇಲ್ಲವಾ? ಇದೆ. ಯಾವಾಗ ಇದೆ, ಯಾವಾಗ ಇಲ್ಲ ಅನ್ನುವುದಕ್ಕೆ ಒಂದು ಸುಲಭದ ಲೆಕ್ಕವಿದೆ. ಒಂದು ಟಿಕ್ಕಿನ ಅವಧಿಯನ್ನು ಪಿಪಿಎಂನಿಂದ ಭಾಗಿಸಿ. 80 ಮೆಗಾಹರ್ಟ್ಜ್, 50 ಪಿಪಿಎಂ ಕಾರ್ಡಿಗೆ 12.5 ನ್ಯಾನೊಸೆಕೆಂಡನ್ನು 0.00005ರಿಂದ ಭಾಗಿಸಿದರೆ 250 ಮೈಕ್ರೊಸೆಕೆಂಡ್ ಬರುತ್ತದೆ. ನಿಮ್ಮ ಪೀರಿಯಡ್ ಇದಕ್ಕಿಂತ ಚಿಕ್ಕದಿದ್ದರೆ ಗೆರೆಗಳ ಒತ್ತು ಸಾಲದೆ ತೊಂದರೆಯಾಗುತ್ತದೆ. ಇದಕ್ಕಿಂತ ದೊಡ್ಡದಿದ್ದರೆ ಟೇಪಿನ ಜಗ್ಗುವಿಕೆಯೇ ದೊಡ್ಡ ತೊಂದರೆ. 20 ಮೆಗಾಹರ್ಟ್ಜ್, 100 ಪಿಪಿಎಂ ಕಾರ್ಡಿಗೆ ಈ ಗಡಿ 500 ಮೈಕ್ರೊಸೆಕೆಂಡ್. ಅಂದರೆ ಸರಿಸುಮಾರು 2ರಿಂದ 4 ಕಿಲೊಹರ್ಟ್ಜ್ ಆಸುಪಾಸಿನಲ್ಲಿ ಆಟದ ನಿಯಮವೇ ಬದಲಾಗುತ್ತದೆ.

ನಮ್ಮ ಹುಡುಗಿಯ 10 ಮಿಲಿಸೆಕೆಂಡ್ ಈ ಗಡಿಯಿಂದ ತುಂಬಾ ಮೇಲಿದೆ, ಅಲ್ವಾ? ಹೊಸ ಕಾರ್ಡಿನಲ್ಲಿ ಒಂದು ಟಿಕ್ ಹೆಚ್ಚುಕಡಿಮೆಯಾದರೆ ಆಗುವ ತಪ್ಪು ಬರೀ 1.25 ಪಿಪಿಎಂ. ಆದರೆ ರೀಡಿಂಗ್ 21 ಪಿಪಿಎಂ ಜಾಸ್ತಿ ಬಂದಿದೆ. ಹಳೆಯದರಲ್ಲಿ 35 ಪಿಪಿಎಂ ಕಡಿಮೆ. ಎರಡೂ ತಮ್ಮ ತಮ್ಮ ಸ್ಪೆಕ್ ಒಳಗೇ, ಅಂದರೆ ಡೇಟಾಶೀಟಿನ ಮಿತಿಯ ಒಳಗೇ ಇವೆ. ಅದಕ್ಕೇ ಎರಡೂ ಕೆಟ್ಟಿಲ್ಲ ಅಂದದ್ದು. ಒಂದರ ಕ್ಲಾಕ್ ಸ್ವಲ್ಪ ನಿಧಾನ, ಇನ್ನೊಂದರದ್ದು ಸ್ವಲ್ಪ ಬೇಗ. ಇಲ್ಲಿ ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಬೇಕು, ಇದನ್ನು ಉಲ್ಟಾ ಹಿಡಿದು ದಾರಿ ತಪ್ಪಿದವರು ಬಹಳ: ಕಾರ್ಡಿನ ಕ್ಲಾಕ್ ಬೇಗ ಓಡಿದರೆ ಅದೇ ಪೀರಿಯಡ್ಡಿನಲ್ಲಿ ಜಾಸ್ತಿ ಟಿಕ್ ಹಿಡಿಸುತ್ತವೆ, ಹಾಗಾಗಿ ಪೀರಿಯಡ್ ಉದ್ದ ಕಾಣುತ್ತದೆ, ಫ್ರೀಕ್ವೆನ್ಸಿ ಕಡಿಮೆ ಕಾಣುತ್ತದೆ.

ಈಗ ಗಡಿಯ ಆಚೆ ಕಡೆಯ ಉದಾಹರಣೆ. ನಿಮಿಷಕ್ಕೆ ಸರಿಯಾಗಿ 1500 ಸುತ್ತು ತಿರುಗುವ ಒಂದು ಸಿಂಕ್ರೊನಸ್ ಮೋಟರ್ ಇದೆ ಅಂದುಕೊಳ್ಳಿ, ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ನಾಲ್ಕು ಪೋಲಿನದ್ದು ತಿರುಗುವುದು ಹಾಗೇ. ಒಂದು ಸುತ್ತು ತಿರುಗಿದರೆ 1024 ಪಲ್ಸ್ ಕೊಡುವ ಎನ್‌ಕೋಡರನ್ನು ಅದರ ಶಾಫ್ಟಿಗೆ ಹಾಕಿದ್ದೀರಿ. ಸೆಕೆಂಡಿಗೆ 25,600 ಪಲ್ಸ್, ಒಂದೊಂದರ ಪೀರಿಯಡ್ 39.0625 ಮೈಕ್ರೊಸೆಕೆಂಡ್. 20 ಮೆಗಾಹರ್ಟ್ಜ್ ಕಾರ್ಡಿನಲ್ಲಿ ಇದು 781.25 ಟಿಕ್ ಆಗುತ್ತದೆ. ಕಾಲು ಟಿಕ್ ಎಣಿಸಲು ಬರುವುದಿಲ್ಲ. ಹಾಗಾಗಿ ಕಾರ್ಡ್ ಕೆಲವು ಸಲ 781 ಅನ್ನುತ್ತದೆ, ಕೆಲವು ಸಲ 782 ಅನ್ನುತ್ತದೆ. ಮೊದಲನೆಯದಕ್ಕೆ ವೇಗ 1500.48, ಎರಡನೆಯದಕ್ಕೆ 1498.56. ಗ್ರಾಫ್ ಹಾಕಿದರೆ ಮೋಟರ್ ನಡುಗುತ್ತಿರುವಂತೆ ಕಾಣುತ್ತದೆ. ಮೋಟರ್ ಆರಾಮಾಗಿ ತಿರುಗುತ್ತಿದೆ, ನಡುಗುತ್ತಿರುವುದು ಎಣಿಕೆ ಮಾತ್ರ. ಬೇರಿಂಗ್ ಹೋಗಿದೆ ಅಂತ ಇಂಥ ಗ್ರಾಫ್ ನೋಡಿ ಮೋಟರ್ ಬಿಚ್ಚಿಸಿದವರನ್ನು ನಾನು ಕಂಡಿದ್ದೇನೆ, ಆ ದಿನ ಇಡೀ ಶಿಫ್ಟ್ ಹಾಳಾಯಿತು. ಗ್ರಾಫಿನಲ್ಲಿ ರೀಡಿಂಗ್‌ಗಳು ಎರಡೇ ಎರಡು ಮಟ್ಟದಲ್ಲಿ ಹಾರುತ್ತಿದ್ದರೆ, ಮಧ್ಯದಲ್ಲಿ ಏನೂ ಇಲ್ಲದಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

80 ಮೆಗಾಹರ್ಟ್ಜ್‌ಗೆ ಹೋದರೆ ಅದೇ ಪೀರಿಯಡ್ 3125 ಟಿಕ್ ಆಗುತ್ತದೆ. ಒಂದು ಟಿಕ್ ತಪ್ಪಿದರೆ ವೇಗದಲ್ಲಿ ಅರ್ಧ ಸುತ್ತಿನಷ್ಟು ವ್ಯತ್ಯಾಸ. ಮೊದಲು ಸುಮಾರು ಎರಡು ಸುತ್ತಿತ್ತು. ಇಲ್ಲಿ ಹೊಸ ಕಾರ್ಡಿಗೆ ಕೊಟ್ಟ ದುಡ್ಡು ನಿಜವಾಗಿ ಕೆಲಸಕ್ಕೆ ಬಂತು.

ಆದರೆ ಕಾರ್ಡ್ ಬದಲಾಯಿಸುವ ಮೊದಲು ಇನ್ನೊಂದು ಉಪಾಯವಿದೆ, ದುಡ್ಡು ಖರ್ಚಿಲ್ಲದ್ದು. ಒಂದೊಂದೇ ಪೀರಿಯಡ್ ಅಳೆಯುವ ಬದಲು ಪೂರ್ತಿ ಒಂದು ಸುತ್ತಿನ 1024 ಪೀರಿಯಡ್‌ಗಳನ್ನು ಒಟ್ಟಿಗೆ ಅಳೆಯಿರಿ. ಅದು 40 ಮಿಲಿಸೆಕೆಂಡ್. ಹಳೆಯ 20 ಮೆಗಾಹರ್ಟ್ಜ್ ಕಾರ್ಡಿನಲ್ಲೂ 8,00,000 ಟಿಕ್. ತಪ್ಪುವುದು ಆಗಲೂ ಒಂದೇ ಟಿಕ್, ಯಾಕೆಂದರೆ ಅನುಮಾನ ಇರುವುದು ಮೊದಲ ಎಡ್ಜ್‌ನಲ್ಲಿ ಮತ್ತು ಕೊನೆಯ ಎಡ್ಜ್‌ನಲ್ಲಿ ಮಾತ್ರ, ನಡುವಿನವುಗಳಲ್ಲಿ ಒಂದು ಪೀರಿಯಡ್ಡಿಗೆ ಜಾಸ್ತಿಯಾದದ್ದು ಅದರ ಪಕ್ಕದ ಪೀರಿಯಡ್ಡಿಗೆ ಕಡಿಮೆಯಾಗಿ ಸರಿಹೋಗಿಬಿಡುತ್ತದೆ. ಹಾಗಾಗಿ 0.128 ಪರ್ಸೆಂಟ್ ಇದ್ದ ತಪ್ಪು 1.25 ಪಿಪಿಎಂಗೆ ಇಳಿಯಿತು. ಸಾವಿರ ಪಟ್ಟು! ಮೇಲಾಗಿ, ಎನ್‌ಕೋಡರ್ ಡಿಸ್ಕಿನ ಗೆರೆಗಳು ಒಂದಕ್ಕೊಂದು ಪೂರ್ತಿ ಸಮ ಇರುವುದಿಲ್ಲ. ಸುತ್ತು ಪೂರ್ತಿಯಾದಾಗ ಆ ಏರುಪೇರೂ ಅಲ್ಲೇ ಮುಗಿಯುತ್ತದೆ. ಎನ್‌ಐ ಡ್ರೈವರ್‌ನಲ್ಲಿ ಇದಕ್ಕೆಂದೇ ಎರಡು ಕೌಂಟರ್ ಬಳಸುವ ವಿಧಾನವಿದೆ, ಒಂದು ಕೌಂಟರ್ ಬರುವ ಪಲ್ಸನ್ನು ನೀವು ಹೇಳಿದಷ್ಟರಿಂದ ಭಾಗಿಸಿ ಕೊಡುತ್ತದೆ, ಇನ್ನೊಂದು ಅಳೆಯುತ್ತದೆ.

ಇದಕ್ಕೆ ಬೆಲೆ ಏನು? ಸುತ್ತಿನ ಒಳಗೆ ವೇಗ ಏರಿಳಿದರೆ ಅದು ಕಾಣುವುದಿಲ್ಲ. ನಿಮಗೆ ಬೇಕಾದದ್ದು ಅದೇ ಆಗಿದ್ದರೆ, ಉದಾಹರಣೆಗೆ ಎಂಜಿನ್ನಿನ ಒಂದೊಂದು ಸಿಲಿಂಡರಿನ ಏಟು ನೋಡಬೇಕಾಗಿದ್ದರೆ, ಈ ಉಪಾಯ ನಡೆಯುವುದಿಲ್ಲ. ಆಗ ವೇಗದ ಕ್ಲಾಕ್ ಬೇಕೇ ಬೇಕು.

ಇನ್ನೊಂದು ಎಚ್ಚರಿಕೆ. ಒಂದೊಂದೇ ಪೀರಿಯಡ್ ಓದಿಕೊಂಡು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಸರಾಸರಿ ಮಾಡುತ್ತೇನೆ ಅನ್ನುವವರು, ಮಧ್ಯದಲ್ಲಿ ಒಂದೂ ಪೀರಿಯಡ್ ಬಿಟ್ಟುಹೋಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಸೆಕೆಂಡಿಗೆ 25,600 ರೀಡಿಂಗ್ ಅಂದರೆ ಬಫರ್ (ರೀಡಿಂಗ್‌ಗಳನ್ನು ಕೂಡಿಡುವ ಜಾಗ) ಇಲ್ಲದೆ, ಪ್ರೋಗ್ರಾಮಿನ ಲೂಪಿನಲ್ಲಿ ಒಂದೊಂದಾಗಿ ಕೇಳಿ ಓದಿದರೆ ಖಂಡಿತ ಬಿಟ್ಟುಹೋಗುತ್ತವೆ. ಬಿಟ್ಟುಹೋದರೆ ಆ ಪಕ್ಕದವರ ಹೊಂದಾಣಿಕೆ ಮುರಿಯುತ್ತದೆ. ಆಮೇಲೆ ಎಷ್ಟು ಸರಾಸರಿ ಮಾಡಿದರೂ ತಪ್ಪು ನಿಧಾನವಾಗಿ ಮಾತ್ರ ಇಳಿಯುತ್ತದೆ.

ಮತ್ತೆ ನಮ್ಮ ಎರಡು ಕಾರ್ಡ್‌ಗಳ ವಿಷಯಕ್ಕೆ ಬರುತ್ತೇನೆ. "ಎರಡೂ ಕೆಟ್ಟಿಲ್ಲ ಸರಿ, ಆದರೆ ಯಾವುದು ನಿಜ?" ಅಂತ ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಜನರೇಟರ್ ತೋರಿಸಿ ಉತ್ತರ ಹೇಳುವ ಹಾಗಿಲ್ಲ, ಅದರೊಳಗೂ ಒಂದು ಕ್ರಿಸ್ಟಲ್ ಇದೆ, ಅದಕ್ಕೂ ಅದರದೇ ಪಿಪಿಎಂ ಇದೆ. ಮೂರು ಜನ ಸಾಕ್ಷಿಗಳು, ಮೂವರೂ ಸ್ವಲ್ಪ ಸ್ವಲ್ಪ ತಪ್ಪು. ಈ ಮೂವರಿಗಿಂತ ನಂಬಿಕಸ್ಥ ಇನ್ನೊಬ್ಬ ಬೇಕು.

ಅಂಥವನು ಇವತ್ತು ತುಂಬಾ ಅಗ್ಗಕ್ಕೆ ಸಿಗುತ್ತಾನೆ. ಜಿಪಿಎಸ್. ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿರುತ್ತವೆ, ಅವುಗಳಿಗೆ ಹೊಂದಿಕೊಂಡು ಜಿಪಿಎಸ್ ರಿಸೀವರ್ ಮಾಡ್ಯೂಲ್ ಸೆಕೆಂಡಿಗೆ ಒಂದು ಪಲ್ಸ್ ಕೊಡುತ್ತದೆ. ಪಿಪಿಎಸ್ ಅಂತ ಕರೆಯುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸುಲಭವಾಗಿ ಸಿಗುವ ನಿಯೊ-6ಎಂ ಮಾಡ್ಯೂಲಿನ ಡೇಟಾಶೀಟ್ ಪ್ರಕಾರ ಆ ಪಲ್ಸ್ ಅಲುಗಾಡುವುದು 30 ನ್ಯಾನೊಸೆಕೆಂಡಿನಷ್ಟು. ಒಂದು ಸೆಕೆಂಡಿನಲ್ಲಿ 30 ನ್ಯಾನೊ ಅಂದರೆ 0.03 ಪಿಪಿಎಂ. 50 ಪಿಪಿಎಂ ಕಾರ್ಡನ್ನು ಪರೀಕ್ಷೆ ಮಾಡಲು ಇದಕ್ಕಿಂತ ಇನ್ನೇನು ಬೇಕು? ಆಂಟೆನಾವನ್ನು ಕಿಟಕಿ ಹತ್ತಿರ ಇಟ್ಟು, ಉಪಗ್ರಹ ಹಿಡಿದ ಮೇಲೆ ಸ್ವಲ್ಪ ಹೊತ್ತು ಕಾದು, ಪಲ್ಸನ್ನು ಹೊಸ ಕಾರ್ಡಿಗೆ ಕೊಟ್ಟೆವು. ಎಣಿಕೆ 8,00,01,440 ಬಂತು. 8 ಕೋಟಿ ಬರಬೇಕಿತ್ತು. 1,440 ಜಾಸ್ತಿ, ಅಂದರೆ ಈ ಕಾರ್ಡಿನ ಕ್ಲಾಕ್ 18 ಪಿಪಿಎಂ ಬೇಗ ಓಡುತ್ತಿದೆ. ದಿನಕ್ಕೆ ಒಂದೂವರೆ ಸೆಕೆಂಡ್ ಮುಂದೆ ಹೋಗುವ ಕೈಗಡಿಯಾರದ ಹಾಗೆ.

ಮೊದಲು ಅಳೆದದ್ದರಲ್ಲಿ 21 ಬಂದಿತ್ತಲ್ಲ? ಅದರಲ್ಲಿ 18 ಕಾರ್ಡಿನದ್ದು. ಉಳಿದ ಸುಮಾರು 3 ಜನರೇಟರಿನದ್ದು.

ಆಮೇಲೆ ಅದೇ ಪಲ್ಸನ್ನು ಹಳೆಯ ಕಾರ್ಡಿಗೆ ಕೊಟ್ಟೆವು. ಅದು 0.161101 ಸೆಕೆಂಡ್ ಅಂತು. ಒಂದು ಸೆಕೆಂಡಿನ ಪಲ್ಸಿಗೆ!

ಅವಳು ನನ್ನ ಮುಖ ನೋಡಿದಳು. "ಈಗ ಕೆಟ್ಟಿದೆ ಅಲ್ವಾ ಸರ್?"

ಇಲ್ಲ. ಇದು ಮೂರನೆಯ ವಿಷಯ, ಬಿಟ್‌ಗಳದ್ದು. 24 ಬಿಟ್ ಕೌಂಟರ್ 1,67,77,215ವರೆಗೆ ಎಣಿಸಬಲ್ಲದು. ಮುಂದಿನ ಟಿಕ್ಕಿಗೆ ಮತ್ತೆ ಸೊನ್ನೆಯಿಂದ ಶುರು, ಹಳೆಯ ಸ್ಕೂಟರಿನ ಮೀಟರ್ 99,999 ಆದಮೇಲೆ ಸೊನ್ನೆಗೆ ಬಂದ ಹಾಗೆ. 20 ಮೆಗಾಹರ್ಟ್ಜ್‌ನಲ್ಲಿ ಆ ಮಟ್ಟ ಮುಟ್ಟಲು 0.8388608 ಸೆಕೆಂಡ್ ಸಾಕು. ಒಂದು ಸೆಕೆಂಡ್ ಆಗುವಷ್ಟರಲ್ಲಿ ಒಂದು ಸುತ್ತು ಮುಗಿಸಿ ಮತ್ತೆ 32,22,020 ಎಣಿಸಿತ್ತು. ಆ ಮೊದಲ ಸುತ್ತನ್ನು ಕೂಡಿಸಿದರೆ 1,99,99,236. 2 ಕೋಟಿಗೆ 764 ಕಡಿಮೆ, ಅಂದರೆ ಕ್ಲಾಕ್ 38 ಪಿಪಿಎಂ ನಿಧಾನ. ಜನರೇಟರಿನಲ್ಲಿ 35 ಬಂದಿತ್ತು, ಜನರೇಟರಿನ ಪಲ್ಸೇ 3 ಪಿಪಿಎಂ ಉದ್ದ ಇತ್ತು. ಲೆಕ್ಕ ಕೂಡಿಬಂತು. ಅವಳು ತಾನೇ ಪೇಪರಿನ ಮೇಲೆ ಕೂಡಿ ಕಳೆದು ನೋಡಿ ತಲೆಯಾಡಿಸಿದಾಗ ನನಗಾದ ಖುಷಿ ದೊಡ್ಡದು.

ಈ ಬಿಟ್‌ಗಳ ವಿಷಯದಲ್ಲಿ ನಿಜವಾದ ಅಪಾಯ ಇರುವುದು 0.161ರಂಥ ರೀಡಿಂಗಿನಲ್ಲಲ್ಲ. ಅದು ಎದ್ದು ಕಾಣುತ್ತದೆ. ಬಾವಿಯ ನೀರಿನ ಫ್ಲೋ ಮೀಟರೋ, ಗಾಳಿಯ ವೇಗದ ಮೀಟರೋ ನಿಧಾನ ಆಗುತ್ತಾ ಆಗುತ್ತಾ ಪೀರಿಯಡ್ 0.7, 0.8 ಅಂತ ಏರಿ, ಆಮೇಲೆ ಸದ್ದಿಲ್ಲದೆ 0.02ಕ್ಕೆ ಇಳಿದರೆ, ಗಾಳಿ ಇದ್ದಕ್ಕಿದ್ದಂತೆ ಜೋರಾಗಿ ಬೀಸಿತು ಅಂತ ಲಾಗ್‌ನಲ್ಲಿ ಉಳಿದುಬಿಡುತ್ತದೆ. ಇಂಥ ಕಡೆ ಹಳೆಯ ಕಾರ್ಡಿನಲ್ಲಿ 100 ಕಿಲೊಹರ್ಟ್ಜ್‌ನ ನಿಧಾನದ ಕ್ಲಾಕ್ ಆರಿಸಬೇಕು. ಆಗ ಒಂದು ಟಿಕ್ 10 ಮೈಕ್ರೊಸೆಕೆಂಡ್, ಸುತ್ತು ಮುಗಿಯಲು ಸುಮಾರು 168 ಸೆಕೆಂಡ್ ಹಿಡಿಯುತ್ತದೆ. 32 ಬಿಟ್, 80 ಮೆಗಾಹರ್ಟ್ಜ್ ಕಾರ್ಡಿನಲ್ಲಿ 53 ಸೆಕೆಂಡಿನವರೆಗೆ ತಲೆಬಿಸಿಯೇ ಇಲ್ಲ. ಇನ್ನೂ ಹಳೆಯ ಕಾಲದ, 8254 ಚಿಪ್ ಇರುವ ಕಾರ್ಡ್ ಯಾರ ಹತ್ತಿರವಾದರೂ ಇದ್ದರೆ ಅದು 16 ಬಿಟ್, ಬರೀ 65,536ಕ್ಕೆ ಸುತ್ತು ಮುಗಿಯುತ್ತದೆ. 1 ಮೆಗಾಹರ್ಟ್ಜ್ ಕ್ಲಾಕ್ ಕೊಟ್ಟರೂ 65 ಮಿಲಿಸೆಕೆಂಡಿಗೆ ಮುಗಿಯಿತು.

ಇಷ್ಟೆಲ್ಲ ಲೆಕ್ಕ ಹಾಕಿದ್ದು ಪಲ್ಸಿನ ಎಡ್ಜ್ ಚಾಕುವಿನಂತೆ ನೆಟ್ಟಗಿದೆ ಅಂದುಕೊಂಡು. ಹೊರಗಿನ ಸೆನ್ಸರುಗಳಿಂದ ಬರುವ ಸಿಗ್ನಲ್ ಹಾಗಿರುವುದು ಅಪರೂಪ. ಇದು ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳಬೇಕೆಂದಿರುವ ವಿಷಯ, ಯಾಕೆಂದರೆ ಜನ ಕಾರ್ಡ್ ಮೇಲೆ ಕಾರ್ಡ್ ಬದಲಾಯಿಸುತ್ತಾರೆ, ವೈರಿನ ಈ ಕಡೆ ನೋಡುವುದೇ ಇಲ್ಲ. 50 ಹರ್ಟ್ಜ್‌ನ ಒಂದು ಸೈನ್ ವೇವ್ ತೆಗೆದುಕೊಳ್ಳಿ, ನಡುವಿನಿಂದ ಮೇಲಕ್ಕೆ 5 ವೋಲ್ಟ್, ಕೆಳಕ್ಕೆ 5 ವೋಲ್ಟ್. ಅದು ಅತಿ ಕಡಿದಾಗಿ ಏರುವ ಜಾಗದಲ್ಲೂ ಮಿಲಿಸೆಕೆಂಡಿಗೆ 1.57 ವೋಲ್ಟ್ ಮಾತ್ರ ಏರುತ್ತದೆ. ಇದರ ಮೇಲೆ ಬರೀ 10 ಮಿಲಿವೋಲ್ಟ್ ನಾಯ್ಸ್ ಕೂತಿದ್ದರೆ, ಕಾರ್ಡ್ ಎಡ್ಜ್ ಬಂತು ಅನ್ನುವ ವೋಲ್ಟಿನ ಗಡಿಯನ್ನು ಸಿಗ್ನಲ್ ದಾಟುವ ಕ್ಷಣ 6.4 ಮೈಕ್ರೊಸೆಕೆಂಡ್ ಹಿಂದೆ ಮುಂದೆ ಆಗುತ್ತದೆ. 20 ಮಿಲಿಸೆಕೆಂಡಿನ ಪೀರಿಯಡ್ಡಿನಲ್ಲಿ ಇದು 320 ಪಿಪಿಎಂ. ಇಲ್ಲಿ 12.5 ನ್ಯಾನೊಸೆಕೆಂಡಿನ ಕಾರ್ಡ್ ಇಟ್ಟರೂ ಅಷ್ಟೇ, 50 ನ್ಯಾನೊದ್ದು ಇಟ್ಟರೂ ಅಷ್ಟೇ.

ಇದಕ್ಕೆ ಮದ್ದು ಕಾರ್ಡಿನ ಮುಂದೆ ಇಡಬೇಕು. ಸಿಗ್ನಲ್ ಗಡಿ ದಾಟಿತಾ ಇಲ್ಲವಾ ಅಂತ ಹೇಳುವ ಒಂದು ಒಳ್ಳೆಯ ಕಂಪ್ಯಾರೇಟರ್, ಅದಕ್ಕೆ ಸ್ವಲ್ಪ ಹಿಸ್ಟರೆಸಿಸ್ (ಏರುವಾಗಿನ ಗಡಿ ಸ್ವಲ್ಪ ಮೇಲೆ, ಇಳಿಯುವಾಗಿನದು ಸ್ವಲ್ಪ ಕೆಳಗೆ), ಅಥವಾ ಸಿಗ್ನಲ್ ಆಗಲೇ ಲಾಜಿಕ್ ಮಟ್ಟದಲ್ಲಿದ್ದರೆ ಇದೇ ಗುಣ ಇರುವ ಒಂದು ಶ್ಮಿಟ್ ಟ್ರಿಗರ್ ಗೇಟ್. ಹಿಸ್ಟರೆಸಿಸ್ ಇಲ್ಲದಿದ್ದರೆ ನಿಧಾನವಾಗಿ ಏರುವ ಎಡ್ಜ್ ಗಡಿಯ ಹತ್ತಿರ ತೂಗಾಡಿ ಒಂದರ ಬದಲು ಮೂರು ನಾಲ್ಕು ಸಲ ದಾಟುತ್ತದೆ. ವೇಗದ ಕಾರ್ಡ್ ಅಷ್ಟನ್ನೂ ನಿಷ್ಠೆಯಿಂದ ಹಿಡಿಯುತ್ತದೆ. 20 ಮಿಲಿಸೆಕೆಂಡ್‌ಗಳ ನಡುವೆ ಅಲ್ಲೊಂದು ಇಲ್ಲೊಂದು 3 ಮೈಕ್ರೊಸೆಕೆಂಡಿನ ರೀಡಿಂಗ್ ಕಂಡರೆ ಅದರ ಅರ್ಥ ಇದೇ. ಹೊಸ ಕಾರ್ಡ್‌ಗಳಲ್ಲಿ ಇನ್‌ಪುಟ್ಟಿಗೆ ಡಿಜಿಟಲ್ ಫಿಲ್ಟರ್ ಇರುತ್ತದೆ, ಅದನ್ನು ಹಾಕಿದರೆ ಇಂಥ ಚೂರುಪಾರು ಪಲ್ಸ್‌ಗಳು ನಿಲ್ಲುತ್ತವೆ. ಆದರೆ ನಾಯ್ಸ್‌ನಿಂದ ಎಡ್ಜ್ ಹಿಂದೆ ಮುಂದೆ ಆದದ್ದು ಫಿಲ್ಟರಿನಿಂದ ವಾಪಸ್ ಬರುವುದಿಲ್ಲ.

ಒಂದು ಸಮಾಧಾನವೂ ಇದೆ. ಸಿಗ್ನಲ್ ಎಷ್ಟು ವೋಲ್ಟಿಗೆ ಹೈ ಅನ್ನುವುದು ಕಾರ್ಡಿನಿಂದ ಕಾರ್ಡಿಗೆ ಸ್ವಲ್ಪ ಬೇರೆ ಇರುತ್ತದೆ. ಏರು ಎಡ್ಜ್‌ನಿಂದ ಏರು ಎಡ್ಜ್‌ವರೆಗೆ ಅಳೆಯುವಾಗ ಈ ವ್ಯತ್ಯಾಸ ಎರಡೂ ತುದಿಯಲ್ಲಿ ಒಂದೇ ಆಗಿ ಕಳೆದುಹೋಗುತ್ತದೆ. ಪಲ್ಸ್ ಅಗಲ ಅಳೆಯುವಾಗ ಮಾತ್ರ ಹಾಗಲ್ಲ, ಅಲ್ಲಿ ಒಂದು ತುದಿ ಏರುವುದು, ಇನ್ನೊಂದು ಇಳಿಯುವುದು. ಎರಡು ಕಾರ್ಡ್ ಪೀರಿಯಡ್ಡಿನಲ್ಲಿ ಒಪ್ಪಿ, ಅಗಲದಲ್ಲಿ ಒಪ್ಪದಿದ್ದರೆ ಕ್ಲಾಕ್ ಕಡೆ ಹೋಗಬೇಡಿ, ಎಡ್ಜ್ ಎಷ್ಟು ಓರೆಯಾಗಿದೆ ಅಂತ ಆಸಿಲೋಸ್ಕೋಪಿನಲ್ಲಿ ನೋಡಿ.

ಕೌಂಟರ್ ಬಿಟ್ಟು ಬೇರೆ ದಾರಿಯಲ್ಲಿ ಪೀರಿಯಡ್ ಅಳೆಯುವವರೂ ಇದ್ದಾರೆ. ಅನಲಾಗ್ ಇನ್‌ಪುಟ್‌ನಲ್ಲಿ ಸಿಗ್ನಲ್ ಸ್ಯಾಂಪಲ್ ಮಾಡಿ ಎಡ್ಜ್ ಹುಡುಕುವುದು. ಸೆಕೆಂಡಿಗೆ ಎರಡೂವರೆ ಲಕ್ಷ ಸ್ಯಾಂಪಲ್ ಅಂದರೆ 4 ಮೈಕ್ರೊಸೆಕೆಂಡಿಗೆ ಒಂದು. ಅದೇ 16 ಚಾನೆಲ್ ಹಾಕಿದರೆ ಹಂಚಿಹೋಗಿ ಒಂದೊಂದಕ್ಕೆ 64 ಮೈಕ್ರೊಸೆಕೆಂಡಿಗೆ ಒಂದು. ನಿಧಾನ ಏರುವ ಸಿಗ್ನಲ್ಲಿಗೆ, ಎರಡು ಸ್ಯಾಂಪಲ್‌ಗಳ ನಡುವೆ ಗೆರೆ ಎಳೆದು ದಾಟಿದ ಜಾಗ ಲೆಕ್ಕ ಹಾಕಿದರೆ ಇದು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಚೂಪಾದ ಎಡ್ಜ್‌ಗೆ ಬೇಡ.

ಇನ್ನು ಯುಎಸ್‌ಬಿ-6008ರಂಥ ಕಡಿಮೆ ಬೆಲೆಯ ಡಬ್ಬಿಗಳಲ್ಲಿ ಕೌಂಟರ್ ಇದೆ, ಆದರೆ ಅದು ಪಲ್ಸ್‌ಗಳನ್ನು ಎಣಿಸುತ್ತದೆ ಅಷ್ಟೇ, ಪೀರಿಯಡ್ ಅಳೆಯುವುದಿಲ್ಲ. ಪಿಸಿಯ ಸಮಯ ನೋಡಿಕೊಂಡು ಲೂಪಿನಲ್ಲಿ ಅಳೆಯೋಣ ಅಂತ ಹೊರಟರೆ, ವಿಂಡೋಸಿನ ಸಾಮಾನ್ಯ ಟೈಮರ್ ಸೆಕೆಂಡಿಗೆ 64 ಸಲ, ಅಂದರೆ 15.6 ಮಿಲಿಸೆಕೆಂಡಿಗೊಮ್ಮೆ ಹೆಜ್ಜೆ ಇಡುತ್ತದೆ. ನ್ಯಾನೊಸೆಕೆಂಡಿನ ಮಾತು ಆಡುತ್ತಿದ್ದವರು ಎಲ್ಲಿಗೆ ಬಂದೆವು ನೋಡಿ. ಹಾಗಾಗಿ ಕಾರ್ಡ್ ಕೊಳ್ಳುವಾಗ ಕೌಂಟರ್ ಇದೆಯಾ ಅಂತ ಮಾತ್ರ ಕೇಳಬೇಡಿ. ಪೀರಿಯಡ್ ಅಳೆಯುತ್ತದಾ, ಎಷ್ಟು ಬಿಟ್, ಕ್ಲಾಕ್ ಎಷ್ಟು ಪಿಪಿಎಂ, ಬಫರ್ ಇದೆಯಾ ಅಂತ ಕೇಳಿ.

ಎರಡು ಕಾರ್ಡ್ ಒಂದೇ ಉತ್ತರ ಕೊಡಲೇಬೇಕು ಅನ್ನುವ ಕೆಲಸಗಳಿರುತ್ತವೆ, ಉದಾಹರಣೆಗೆ ಒಂದು ಶಾಫ್ಟಿನ ಎರಡು ತುದಿಯನ್ನು ಎರಡು ಕಾರ್ಡಿನಲ್ಲಿ ಅಳೆದು ಹೋಲಿಸುವಾಗ. ಅಲ್ಲಿ ಎರಡಕ್ಕೂ ಒಂದೇ ಕ್ಲಾಕ್ ಕೊಡಿ. ಪಿಸಿಐ ಕಾರ್ಡ್‌ಗಳ ನಡುವೆ ಆರ್‌ಟಿಎಸ್‌ಐ ರಿಬ್ಬನ್ ಕೇಬಲ್ ಹಾಕಿ ಒಂದರ ಕ್ಲಾಕನ್ನು ಇನ್ನೊಂದಕ್ಕೆ ಕೊಡಬಹುದು, ಹಲವು ಕಾರ್ಡ್ ಕೂರಿಸುವ ಪಿಎಕ್ಸ್‌ಐ ಡಬ್ಬಿಯಾದರೆ ಅದರ ಬ್ಯಾಕ್‌ಪ್ಲೇನಿನಲ್ಲೇ (ಕಾರ್ಡ್‌ಗಳೆಲ್ಲ ಸಿಕ್ಕಿಕೊಳ್ಳುವ ಹಿಂಬದಿಯ ಬೋರ್ಡಿನಲ್ಲೇ) 10 ಮೆಗಾಹರ್ಟ್ಜ್ ಕ್ಲಾಕ್ ಓಡುತ್ತಿರುತ್ತದೆ. ಆಗ ಎರಡರ ರೀಡಿಂಗೂ ಹೊಂದುತ್ತವೆ. ಹೊಂದಿದ ಮಾತ್ರಕ್ಕೆ ನಿಜ ಅಂತಲ್ಲ, ಎರಡೂ ಒಂದೇ ಜಗ್ಗಿದ ಟೇಪಿನಲ್ಲಿ ಅಳೆಯುತ್ತಿವೆ ಅಂತ ಮಾತ್ರ. ಹೋಲಿಕೆಗೆ ಅಷ್ಟು ಸಾಕು.

ನಾವು ಕೊನೆಗೆ ಏನು ಮಾಡಿದೆವು? ಮತ್ತೊಂದು ಕಾರ್ಡ್ ಕೊಳ್ಳಲಿಲ್ಲ. ಕ್ರಿಸ್ಟಲಿನ ತಪ್ಪು ದಿನಕ್ಕೊಂದು ಥರ ಕುಣಿಯುವುದಿಲ್ಲ, ಬಿಸಿ ಏರಿದರೆ ಸ್ವಲ್ಪ ಸರಿಯುತ್ತದೆ, ವರ್ಷ ಕಳೆದಂತೆ ಸ್ವಲ್ಪ ಸರಿಯುತ್ತದೆ, ಅಷ್ಟೇ. ಹಾಗಾಗಿ ಪಿಸಿ ಆನ್ ಮಾಡಿ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಜಿಪಿಎಸ್ ಪಲ್ಸನ್ನು ಐದು ನಿಮಿಷ ಅಳೆದು, ಬಂದ ಸಂಖ್ಯೆಯನ್ನು ಪ್ರೋಗ್ರಾಮಿನಲ್ಲಿ ತಿದ್ದುಪಡಿಯಾಗಿ ಹಾಕಿದೆವು. ಸರ್ಟಿಫಿಕೇಟ್ ಬೇಕಾದ ಕೆಲಸಕ್ಕೆ ಇದು ನಡೆಯುವುದಿಲ್ಲ, ಅದಕ್ಕೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೇ ಕಳಿಸಬೇಕು. ನಮ್ಮ ಬೆಂಚಿಗೆ ಸಾಕು. ಈಗ 100 ಹರ್ಟ್ಜ್ ಕೊಟ್ಟರೆ ಎರಡು ಕಾರ್ಡ್‌ಗಳೂ ಹಳೆಯದರ ಒಂದು ಟಿಕ್ಕಿನ ಒಳಗೆ ಒಪ್ಪುತ್ತವೆ.

ಅವಳು ಎರಡು ಬಿಳಿ ಸ್ಟಿಕ್ಕರ್ ತಂದು ಒಂದರ ಮೇಲೆ +18, ಇನ್ನೊಂದರ ಮೇಲೆ -38 ಅಂತ ಬರೆದು ಕಾರ್ಡ್‌ಗಳ ಬ್ರ್ಯಾಕೆಟ್ಟಿಗೆ ಅಂಟಿಸಿದಳು. ಕೆಳಗೆ ತಾರೀಖು ಹಾಕಿದಳು. ನಾನು ಹೇಳದೆಯೇ, ರೂಮಿನ ಟೆಂಪರೇಚರನ್ನೂ ಬರೆದಳು.